ಹಡಗಿನ ದಾರಿಗೂ ಒಂದು ನಕ್ಷೆ ಬೇಕು

ಮಾನ್ಯ ಸಂಪಾದಕರೇ,

ನಮ್ಮ ಕರಾವಳಿಯಾಚೆ ಸರಕು ಹಡಗುಗಳು ಯಾವ ದಾರಿಯಲ್ಲಿ, ಎಷ್ಟು ಓಡಾಡುತ್ತವೆ ಎಂಬ ನಕ್ಷೆ ಮೀನುಗಾರರ ಕೈಗೂ ಸಿಗಬೇಕು. ಬೆಂಗಳೂರಿನವರಿಗೆ ಇದು ದೂರದ ವಿಷಯ ಅನ್ನಿಸಬಹುದು, ಆದರೆ ಇಲ್ಲಿ ನಾವು ಕೊಳ್ಳುವ ಬಂಗುಡೆ, ಅಂಜಲ್ ಬರುವುದು ಅದೇ ಕಡಲಿನಿಂದ ಅಲ್ವಾ? 2025ರ ಮೇ ತಿಂಗಳಲ್ಲಿ ಕೊಚ್ಚಿ ಬಳಿ ಎಂಎಸ್‌ಸಿ ಎಲ್ಸಾ-3 ಎಂಬ ಸರಕು ಹಡಗು ಮುಳುಗಿದಾಗ ಕಂಟೇನರ್‌ಗಳು ದಡಕ್ಕೆ ಬಂದವು, ಪ್ಲಾಸ್ಟಿಕ್ ಕಾಳುಗಳು ಮರಳಲ್ಲಿ ಬೆರೆತುಹೋದವು. ಮಲ್ಪೆಯಲ್ಲಿರುವ ನಮ್ಮ ಮಾವನ ಬಲೆಯನ್ನು ಒಂದು ರಾತ್ರಿ ದೊಡ್ಡ ಹಡಗೊಂದು ಹರಿದುಕೊಂಡೇ ಹೋಗಿತ್ತು. ಬೆಳಿಗ್ಗೆ ಉಳಿದದ್ದು ತುಂಡು ಹಗ್ಗ, ನಾಲ್ಕು ತೇಲುಬೆಂಡು ಅಷ್ಟೇ.

ಮಾಹಿತಿಗೇನೂ ಬರ ಇಲ್ಲ. ದೇಶದಿಂದ ದೇಶಕ್ಕೆ ಓಡಾಡುವ, 300 ಗ್ರಾಸ್ ಟನ್ನೇಜ್ (ಹಡಗಿನ ಒಳಗಾತ್ರದ ಅಳತೆ) ಅಥವಾ ಅದಕ್ಕಿಂತ ದೊಡ್ಡ ಹಡಗುಗಳು ತಾವಿರುವ ಜಾಗ, ವೇಗ, ದಿಕ್ಕನ್ನು ಎಐಎಸ್ ಎಂಬ, ರೇಡಿಯೋದಲ್ಲಿ ತಾನಾಗಿಯೇ ಸಾರುವ ಸಾಧನದ ಮೂಲಕ ತಿಳಿಸುತ್ತಲೇ ಇರಬೇಕು. ಅದನ್ನು ವರ್ಷವಿಡೀ ಕೂಡಿಹಾಕಿದರೆ ದಟ್ಟಣೆಯ ನಕ್ಷೆ ಸಿಗುತ್ತದೆ. ನಾಳೆ ಕಡಲಲ್ಲಿ ಗಾಳಿಯಂತ್ರ ನಿಲ್ಲಿಸಿದರೆ, ಬಂದರು ದೊಡ್ಡದಾದರೆ ಹಡಗುಗಳು ಎತ್ತ ತಿರುಗಬಹುದು ಎಂದು ಕಂಪ್ಯೂಟರಿನಲ್ಲೇ ಮೊದಲು ನಡೆಸಿ ನೋಡಬಹುದು. ಕಡಲಿನ ಯಾವ ಜಾಗ ಯಾವ ಬಳಕೆಗೆ ಎಂದು ಮೊದಲೇ ಗೊತ್ತುಮಾಡುವ ಯೋಜನೆಯನ್ನು ಕೇಂದ್ರ ಸರ್ಕಾರ ನಾರ್ವೆ ಜೊತೆ ಸೇರಿ ಪುದುಚೇರಿ, ಲಕ್ಷದ್ವೀಪದಲ್ಲಿ ಈಗಾಗಲೇ ಕೈಗೆತ್ತಿಕೊಂಡಿದೆ. ಕಾರವಾರದಿಂದ ಮಂಗಳೂರಿನವರೆಗೂ ಅದು ಬರಲಿ, ಮೀನುಗಾರರನ್ನು ಜೊತೆಗೆ ಕೂರಿಸಿಕೊಂಡೇ ನಕ್ಷೆ ಬರೆಯಲಿ.

– ಓದುಗರೊಬ್ಬರು, ಬೆಂಗಳೂರು