ಫೋಟೋ ಚೆಂದ ಇರೋದು ಬೇರೆ, ಊರಿಗೆ ದಾಖಲೆ ಆಗೋದು ಬೇರೆ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪತ್ರಿಕೆಯಲ್ಲಿ ಓದುಗರು ಕಳಿಸಿದ ಫೋಟೋ ಹಾಕ್ತೀರಲ್ಲ, ಅದನ್ನ ನಾನು ತಪ್ಪದೇ ನೋಡ್ತೀನಿ. ಮೊನ್ನೆ ಶರಾವತಿ ಹಿನ್ನೀರಿಂದು ಒಂದು ಬಂದಿತ್ತು, ಸೂರ್ಯ ಮುಳುಗೋ ಹೊತ್ತು, ನೀರೆಲ್ಲ ಕೆಂಪು, ಬಹಳ ಚೆಂದ ಇತ್ತು, ಆದ್ರೆ ಅದನ್ನ ಹೊಳೆಬಾಗಿಲ ಕಡೆಯಿಂದ ತೆಗೆದಿದ್ದೋ ಹಸಿರುಮಕ್ಕಿ ಕಡೆಯಿಂದಲೋ, ಯಾವ ವರ್ಷದ್ದು, ಏನೂ ಬರೆದಿರ್ಲಿಲ್ಲ. ಕೆಳಗೆ ಸಂಜೆಯ ಸೊಬಗು ಅಂತಷ್ಟೇ ಇತ್ತು. ಈ ಪತ್ರ ಬರೆಯೋಕೆ ಅದೇ ಕಾರಣ.

ಸಾಗರದಲ್ಲಿ ನಾವೊಂದಿಷ್ಟು ಜನ ಸೇರ್ಕೊಂಡು ತಾಲ್ಲೂಕಿನ ಊರು, ಕೆರೆ, ಗದ್ದೆ, ಹುಲ್ಲು ಬೆಳೆಯೋ ಬ್ಯಾಣ, ರಸ್ತೆ ಎಲ್ಲದರ ಫೋಟೋ ಒಂದು ಕಡೆ ಕೂಡಿಡೋ ಕೆಲಸ ಶುರು ಮಾಡಿದೀವಿ, ಯಾರು ಬೇಕಾದ್ರೂ ಕೊಡಬಹುದು. ಶುರು ಮಾಡಿ ತಿಂಗಳಾಗಿಲ್ಲ, ಯಾವ ಫೋಟೋ ತಗೋಬೇಕು ಯಾವುದು ಬೇಡ ಅನ್ನೋದರ ಮೇಲೆ ನಮ್ಮೊಳಗೇ ಮಾತು ಬೆಳೀತು. ಕ್ಯಾಮೆರಾ ಪಳಗಿದ ಸ್ನೇಹಿತರು ಒಂದು ಮಟ್ಟ ಅಂತ ಇರ್ಲೇಬೇಕು ಅಂತಾರೆ, ಅವರ ಮಾತು ಪೂರ್ತಿ ತಪ್ಪು ಅಂತ ನಾನು ಹೇಳಲ್ಲ, ಆದ್ರೆ ಯಾವುದರ ಮಟ್ಟ ಅಂತ ಮೊದಲು ಇತ್ಯರ್ಥ ಆಗ್ಬೇಕು. ಬಂದಿದ್ದರಲ್ಲಿ ಜೋಗದ ಫೋಟೋನೇ ರಾಶಿ, ಅದೂ ಎಲ್ಲ ಮಳೆಗಾಲದ್ದು. ಏಪ್ರಿಲ್ ತಿಂಗಳಲ್ಲಿ ನೀರು ನೂಲಿನ ಹಾಗೆ ಇಳಿದು ಬಂಡೆ ಕಾಣ್ತಿರುತ್ತಲ್ಲ, ಆ ಜೋಗ ಒಂದೂ ಇಲ್ಲ. ವರ್ಷದಲ್ಲಿ ಎಷ್ಟೋ ತಿಂಗಳು ನಮಗೆ ಕಾಣೋದು ಅದೇ ಜೋಗ ಅಲ್ವಾ.

ಮಗಳ ಮನೆಗೆ ಅಂತ ಇಂಗ್ಲೆಂಡಿಗೆ ಹೋಗಿ ಕೆಲವು ತಿಂಗಳು ಇದ್ದಾಗ ಅಲ್ಲಿನ ಜಿಯೋಗ್ರಾಫ್ ಅನ್ನೋ ಕೆಲಸದ ಬಗ್ಗೆ ಗೊತ್ತಾಯ್ತು. 2005ರಲ್ಲಿ ಶುರುವಾಗಿದ್ದು. ಬ್ರಿಟನ್ ಮತ್ತು ಐರ್ಲೆಂಡಿನ ಇಡೀ ನಕ್ಷೇನ ಒಂದು ಕಿಲೋಮೀಟರ್ ಉದ್ದ ಒಂದು ಕಿಲೋಮೀಟರ್ ಅಗಲದ ಚೌಕಗಳಾಗಿ ಇಟ್ಕೊಂಡು, ಪ್ರತಿ ಚೌಕಕ್ಕೂ ಅಲ್ಲಿ ನೆಲ ಹೇಗಿದೆ ಅಂತ ತೋರಿಸೋ ಫೋಟೋ ಸೇರಿಸ್ತಾರೆ. ಅಂಥ ಚೌಕ ಮೂರು ಲಕ್ಷಕ್ಕಿಂತ ಜಾಸ್ತಿ ಇವೆ, ಫೋಟೋ 70 ಲಕ್ಷ ದಾಟಿದೆ, ಕೊಡೋರೂ ಸಾಮಾನ್ಯ ಜನ, ಬಂದಿದ್ದನ್ನ ಪರೀಕ್ಷೆ ಮಾಡೋರೂ ಸಂಬಳ ಇಲ್ಲದ ಸ್ವಯಂಸೇವಕರು. ಅಲ್ಲಿ ಮುಖ್ಯವಾಗಿ ಕೇಳೋದು ಇಷ್ಟು: ಆ ಚೌಕದ ಒಳಗಿರೋ ಮುಖ್ಯವಾದ ಏನನ್ನಾದ್ರೂ, ಹೊಲವೋ ಬೇಲಿಯೋ ಸೇತುವೆಯೋ, ಹತ್ತಿರದಿಂದ ಸ್ಪಷ್ಟವಾಗಿ ತೋರಿಸ್ತಾ ಇದೆಯಾ, ಅದು ಏನು ಅಂತ ಎರಡು ಮಾತು ಬರೆದಿದಾರಾ. ಫೋಟೋದಲ್ಲಿ ಕಾಣೋ ವಸ್ತು ಎಲ್ಲಿದೆ, ತೆಗೆದೋರು ಎಲ್ಲಿ ನಿಂತಿದ್ರು, ಇವೆರಡನ್ನೂ ಬೇರೆ ಬೇರೆ ಗುರುತು ಮಾಡ್ತಾರೆ, ಯಾವ ದಿಕ್ಕಿಗೆ ನೋಡ್ತಿದ್ರು ಅನ್ನೋದನ್ನೂ ಸೇರಿಸ್ತಾರೆ. ಅಲ್ಲಿ ನಾನು ನೋಡಿದ್ದರಲ್ಲಿ ಬಸ್ ಸ್ಟಾಪಿತ್ತು, ಗೊಬ್ಬರದ ರಾಶಿ ಇತ್ತು, ಮಂಜಲ್ಲಿ ಅರ್ಧ ಮಸುಕಾದ ಬೇಲಿ ಇತ್ತು, ಪ್ರದರ್ಶನಕ್ಕೆ ಅಂತ ಯಾರೂ ಆರಿಸಲ್ಲ ಅವನ್ನ, ಆದ್ರೆ ಇನ್ನು 50 ವರ್ಷ ಬಿಟ್ಟು ಆ ಊರಿನೋರು ಹುಡುಕಿಕೊಂಡು ಬರೋದು ಅಂಥದ್ದನ್ನೇ. ಇನ್ನೊಂದು ನನಗೆ ಬಹಳ ಹಿಡಿಸಿತು, ಒಂದು ಚೌಕಕ್ಕೆ ಮೊದಲ ಫೋಟೋ ಕೊಟ್ಟೋರಿಗೆ ಒಂದು ಪಾಯಿಂಟ್ ಸಿಗುತ್ತೆ, ಐದು ವರ್ಷದಿಂದ ಯಾರೂ ಫೋಟೋ ತೆಗೀದೇ ಇದ್ದ ಚೌಕಕ್ಕೆ ಹೊಸದು ಕೊಟ್ರೆ ಅದಕ್ಕೂ ಬೇರೆ ಪಾಯಿಂಟ್ ಇದೆ. ಅಂದ್ರೆ ಈಗಾಗ್ಲೇ ಇದೆ ಬೇಡ ಅಂತ ವಾಪಸ್ ಕಳಿಸಲ್ಲ, ಜಾಗ ಬದಲಾಗ್ತಾ ಇರುತ್ತೆ ಅಂತ ಒಪ್ಕೊಂಡಿದಾರೆ.

ನಮ್ಮ ಕಡೆ ಇದು ಎಷ್ಟು ಬೇಕು ಅನ್ನೋದಕ್ಕೆ ಸಿಗಂದೂರು ಲಾಂಚ್, ಅಂದ್ರೆ ಹಿನ್ನೀರು ದಾಟಿಸ್ತಿದ್ದ ದೊಡ್ಡ ದೋಣಿ, ಅದೊಂದೇ ಸಾಕು. ಅಂಬಾರಗೋಡ್ಲು ಕಳಸವಳ್ಳಿ ಮಧ್ಯೆ ಸೇತುವೆ 2025ರ ಜುಲೈನಲ್ಲಿ ಉದ್ಘಾಟನೆ ಆಯ್ತು, ತುಮರಿ ಕಡೆಯೋರು ಎಷ್ಟು ವರ್ಷ ಕಾದಿದ್ದು, ಎಲ್ಲರಿಗೂ ಖುಷಿನೇ. ಆಮೇಲೆ ನಾವು ಲಾಂಚ್ ಕಾಲದ ಫೋಟೋ ಕೊಡಿ ಅಂತ ಕೇಳಿದ್ವಿ ನೋಡಿ, ಬಂದಿದ್ದೆಲ್ಲ ಲಾಂಚ್ ರೇಲಿಂಗಿಗೆ ಒರಗಿದ ಸೆಲ್ಫಿ, ಇಲ್ಲಾಂದ್ರೆ ಸೂರ್ಯಾಸ್ತ. ಲಾಂಚ್ ಹತ್ತೋ ಕಡವಿನಲ್ಲಿ ಬಸ್ಸು ಜೀಪು ಸಾಲಾಗಿ ನಿಂತಿದ್ದು, ಅಡಿಕೆ ಮೂಟೆ, ಮಡಿಲಲ್ಲಿ ಮಗು ಇಟ್ಕೊಂಡು ಆಸ್ಪತ್ರೆಗೆ ಅಂತ ಕಾಯ್ತಾ ಕೂತೋರು, ಕಡೇ ಲಾಂಚ್ ತಪ್ಪಿದ ಮೇಲೆ ಖಾಲಿಯಾದ ದಡ, ಅದು ಯಾರ ಹತ್ರಾನೂ ಇಲ್ಲ, ಇದ್ರೂ ಇದೇನು ಚೆನ್ನಾಗಿಲ್ಲ ಅಂತ ಅವರೇ ಡಿಲೀಟ್ ಮಾಡಿದಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಳುಗಿದ ಊರುಗಳ ಕತೆಯೂ ಇದೇ, ಆಗ ಕ್ಯಾಮೆರಾ ಇದ್ದೋರೇ ಕಡಿಮೆ, ಮನೆ ಮಾರು ಬಿಟ್ಟು ಬಂದೋರ ಹತ್ರ ತಮ್ಮ ಅಂಗಳದ ಒಂದು ಚಿತ್ರ ಇಲ್ಲ. ಈಗ ಎಲ್ಲರ ಕೈಲೂ ಕ್ಯಾಮೆರಾ ಇದೆ, ಆದ್ರೂ ಗದ್ದೆ ಅಡಿಕೆ ತೋಟ ಆಗ್ತಿರೋದು, ಬ್ಯಾಣಕ್ಕೆ ಅಕೇಶಿಯಾ ಬಂದಿದ್ದು, ಗಳು ಸರಿಸಿ ದಾಟೋ ಉಣಗೋಲು ಹೋಗಿ ಕಬ್ಬಿಣದ ಗೇಟು ಬಂದಿದ್ದು ಯಾರೂ ತೆಗೀತಿಲ್ಲ.

ನನಗೇ ಆದ ಒಂದು ಅನುಭವ ಹೇಳ್ತೀನಿ. ಹಿಂದೆ ಒಂದು ಪ್ರದರ್ಶನಕ್ಕೆ ನಮ್ಮೂರ ಕೆಳಗಿನ ಗದ್ದೆಬಯಲಿನ ಫೋಟೋ ಕೊಟ್ಟಿದ್ದೆ, ಮಧ್ಯ ಕರೆಂಟ್ ಕಂಬ ತಂತಿ ಇತ್ತು, ಅದನ್ನ ಫೋಟೋಶಾಪಲ್ಲಿ ಅಳಿಸಿ ತಂದ್ರೆ ತಗೋತೀವಿ ಅಂದ್ರು. ನಾನು ಅಳಿಸ್ಲಿಲ್ಲ, ವಾಪಸ್ ತಂದೆ. ಆ ಬಯಲಿಗೆ ಲೈನ್ ಬಂದಿದ್ದು ಊರಿಗೆ ಎಷ್ಟು ದೊಡ್ಡ ವಿಷಯ ಆಗಿತ್ತು ಅಂತ ನನಗೆ ಗೊತ್ತು, ಕಂಬ ಅಳಿಸಿದ್ರೆ ಅದು ನಮ್ಮೂರೇ ಅಲ್ಲ. ಬೆಳಕು ಸ್ವಲ್ಪ ಸರಿ ಮಾಡೋದು, ಸೊಟ್ಟ ಇದ್ರೆ ನೇರ ಮಾಡೋದು, ಬದಿ ಕತ್ತರಿಸೋದು ಇವಕ್ಕೆಲ್ಲ ನನ್ನ ತಕರಾರಿಲ್ಲ. ಆದ್ರೆ ಇದ್ದದ್ದನ್ನ ತೆಗೆಯೋದು, ಇಲ್ಲದ ಮೋಡ ತಂದು ಅಂಟಿಸೋದು, ಈಗಂತೂ ಎಐ ಕೈಲಿ ಹೇಳಿ ಇಲ್ಲದ ಮಂಜು ಇಲ್ಲದ ನವಿಲು ಬರಿಸೋದು, ಇಂಥದ್ದು ಎಷ್ಟೇ ಸುಂದರ ಇರ್ಲಿ ಸಂಗ್ರಹಕ್ಕೆ ಬೇಡ. ಇಲ್ಲಿ ಮಾತ್ರ ನಾನು ಕಟ್ಟುನಿಟ್ಟು, ಸ್ನೇಹಿತರು ಬೇಜಾರಾದ್ರೂ ಪರವಾಗಿಲ್ಲ.

ಇನ್ನೊಂದು ತೊಂದರೆ ವಾಟ್ಸಾಪಿಂದು. ಎಲ್ಲರೂ ಅದರಲ್ಲೇ ಕಳಿಸ್ತಾರೆ, ಅದು ಫೋಟೋನ ಕುಗ್ಗಿಸಿ, ಒಳಗಿದ್ದ ತಾರೀಖು, ಜಾಗ ಹೇಳೋ ಜಿಪಿಎಸ್ ಗುರುತು ಎಲ್ಲ ತೆಗೆದುಹಾಕುತ್ತೆ. ಅದೇ ಫೋಟೋನ ಡಾಕ್ಯುಮೆಂಟ್ ಅಂತ ಕಳಿಸಿದ್ರೆ ಮೂಲ ಫೈಲ್ ಹಾಗೇ ಬರುತ್ತೆ, ಇಷ್ಟು ಹೇಳಿಕೊಟ್ಟ ಮೇಲೆ ನಮಗೆ ಅರ್ಧ ಕೆಲಸ ಹಗುರ ಆಯ್ತು. ಮೂಲ ಫೈಲ್ ಇಟ್ಕೊಂಡ್ರೂ ಸಾಲದು, ಮುಂದೆ ತೆಗೆದು ನೋಡೋ ಹಾಗೂ ಇರ್ಬೇಕು. 1986ರಲ್ಲಿ ಬಿಬಿಸಿಯವರು ಶಾಲೆ ಮಕ್ಕಳಿಂದ, ಊರ ಜನರಿಂದ ದೇಶದ ಮೂಲೆ ಮೂಲೆಯ ಫೋಟೋ ಬರಹ ತರಿಸಿ ಲೇಸರ್ ಡಿಸ್ಕಿನಲ್ಲಿ ಇಟ್ರು, 900 ವರ್ಷದ ಹಿಂದೆ, 1086ರಲ್ಲಿ ಆಗಿದ್ದ ಡೂಮ್ಸ್‌ಡೇ ಅನ್ನೋ ದೊಡ್ಡ ಜಮೀನು ಲೆಕ್ಕದ ನೆನಪಿಗೆ. ಹದಿನೈದು ಹದಿನಾರು ವರ್ಷದಲ್ಲೇ ಆ ಡಿಸ್ಕ್ ಓದೋ ಮಷೀನ್ ಸಿಗೋದೇ ಅಪರೂಪ ಆಗಿ ಅದನ್ನ ಉಳಿಸೋಕೆ ಬೇರೆ ಹೋರಾಟ ಮಾಡ್ಬೇಕಾಯ್ತು. ಚರ್ಮದ ಮೇಲೆ ಬರೆದಿದ್ದ ಹಳೇ ಲೆಕ್ಕ ಇವತ್ತೂ ಓದೋಕೆ ಬರುತ್ತೆ. ಹಾಗಾಗಿ ನಾವು ಎಲ್ಲ ಕಡೆ ತೆರೆಯೋ ಮಾಮೂಲಿ ಜೆಪೆಗ್ ಫೈಲ್ ಮಾತ್ರ ತಗೋತೀವಿ, ಮೂರು ಬೇರೆ ಬೇರೆ ಮನೇಲಿ ಪ್ರತಿ ಇಡ್ತೀವಿ, ವಿವರಾನ ಕಾಗದದ ಮೇಲೂ ಬರೆದಿಡ್ತೀವಿ.

ಯಾರದ್ದಾದ್ರೂ ಫೋಟೋ ಬೇಡ ಅನ್ನಬೇಕಾದ್ರೆ ಯಾಕೆ ಅಂತ ಬರೆದು ತಿಳಿಸ್ಬೇಕು, ಸರಿಮಾಡಿ ಮತ್ತೆ ಕೊಡೋಕೆ ಬಿಡ್ಬೇಕು, ಇದನ್ನ ನಮ್ಮವರು ಒಪ್ಪಿದಾರೆ. ಅಪರೂಪದ ಸೀತಾಳೆ ದಂಡೆ ಅನ್ನೋ ಕಾಡುಹೂವು, ಹಕ್ಕಿ ಗೂಡು, ಇಂಥವುಗಳ ಫೋಟೋ ಬಂದ್ರೆ ಜಾಗ ಮಾತ್ರ ಹೊರಗೆ ಹೇಳಲ್ಲ, ಊರಿನ ಹೆಸರಿಗೇ ನಿಲ್ಲಿಸ್ತೀವಿ, ಕೀಳೋರು ಹುಡುಕಿಕೊಂಡು ಬರಬಾರದು. ಮನೆ ಅಂಗಳದ ಫೋಟೋಗೆ ಮನೆಯವರನ್ನ ಕೇಳೇ ತೆಗೀಬೇಕು.

ಸಂಪಾದಕರೇ, ನಿಮ್ಮಲ್ಲಿ ಒಂದೇ ಕೋರಿಕೆ. ಓದುಗರ ಫೋಟೋ ಹಾಕುವಾಗ ಕೆಳಗೆ ಊರು, ಎಲ್ಲಿ ನಿಂತು ತೆಗೆದಿದ್ದು, ತಿಂಗಳು, ವರ್ಷ ಇಷ್ಟು ಹಾಕಿ, ಒಂದು ಸಾಲಿನ ಜಾಗ ಸಾಕು. ಪತ್ರಿಕೆ ಕೇಳಿದ್ರೆ ಜನ ಬರೆದು ಕಳಿಸೋದು ರೂಢಿ ಮಾಡ್ಕೋತಾರೆ, ನಾವು ಹತ್ತು ಜನ ಕೇಳಿದ್ರೆ ಅಷ್ಟು ನಡೆಯಲ್ಲ. ಹಾಗೇ ಈ ಪತ್ರ ಓದ್ತಿರೋ ಕರೂರು, ತುಮರಿ, ಬ್ಯಾಕೋಡು ಕಡೆಯೋರೇ, ಲಾಂಚ್ ಕಡವಿನ ಹಳೆ ಫೋಟೋ ಇದ್ರೆ ಮಸುಕಾಗಿದೆ, ಬೆರಳು ಅಡ್ಡ ಬಂದಿದೆ ಅಂತ ಬಿಸಾಡ್ಬೇಡಿ. ತಾರೀಖು ನೆನಪಿಲ್ಲ ಅಂದ್ರೆ ಯಾರ ಮದುವೆಗೆ ಹೋಗುವಾಗ ತೆಗೆದಿದ್ದು ಅಂತ ಹಿಂದೆ ಬರೆದಿಡಿ, ವರ್ಷ ನಾವು ಕೇಳಿ ತಿಳ್ಕೋತೀವಿ.

ಇಂತಿ,
ನಿಮ್ಮ ಓದುಗ, ಸಾಗರ