26 ವಾರ ಮುಗಿದ ಮೇಲೆ: ಗೆಳೆಯನಿಗೊಂದು ಪತ್ರ

ಮಾರಾಯ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸುಮ್ನೆ "ನೋಡೋಣ" ಅಂದುಬಿಟ್ಟೆ. ಆಮೇಲೆ ಮನಸ್ಸು ತಡೆಯಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ನಿನ್ನ ಹಾಗೆ ಲೇಆಫ್ ಆದ ನಮ್ಮವರು ಇನ್ನೂ ಇದ್ದಾರೆ. ಅದಕ್ಕೇ ನಿನ್ನ ಹೆಸರು ಬಿಟ್ಟು ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ.

ಕೆಲಸ ಹೋದವರಿಗೆ ಇಲ್ಲಿ ಮಾಮೂಲಿಯಾಗಿ ಸಿಗುವ ನಿರುದ್ಯೋಗ ಭತ್ಯೆ ಹೆಚ್ಚೆಂದರೆ 26 ವಾರ. ಅದು ಮುಗಿದ ಮೇಲೂ ಈ ಅನ್‌ಎಂಪ್ಲಾಯ್‌ಮೆಂಟ್ ದುಡ್ಡು ಬರುತ್ತದಾ ಅಂತ ನೀನು ಕೇಳಿದೆ. ಬರುವುದಿಲ್ಲ ಎಂದೇ ಮನೆಯ ಲೆಕ್ಕ ಹಾಕಿಕೋ.

'ಎಕ್ಸ್‌ಟೆಂಡೆಡ್ ಬೆನಿಫಿಟ್ಸ್', ಅಂದರೆ ಹೆಚ್ಚುವರಿ ವಾರಗಳ ಭತ್ಯೆ ಅಂತ ಒಂದಿದೆ, ನಿಜ. 1970ರ ಕಾನೂನು. ಅದರ ಬಾಗಿಲು ತೆರೆದಾಗ 26ರ ಮೇಲೆ ಹೆಚ್ಚೆಂದರೆ 13 ವಾರ ಸಿಗುತ್ತದೆ, ನಿರುದ್ಯೋಗ ತೀರಾ ಜಾಸ್ತಿಯಿದ್ದರೆ ಕೆಲವು ರಾಜ್ಯಗಳಲ್ಲಿ 20. ಆದರೆ ಆ ಬಾಗಿಲು ತೆರೆಯುವುದು ನಿನ್ನ ಕಷ್ಟ ನೋಡಿ ಅಲ್ಲ, ರಾಜ್ಯದ ಅಂಕಿ ನೋಡಿ. ಮೂಲ ನಿಯಮ ಹೀಗಿದೆ: ನಿರುದ್ಯೋಗ ವಿಮೆಯಲ್ಲಿರುವ ನೌಕರರ ಪೈಕಿ ಮಾಮೂಲಿ ಭತ್ಯೆಗೆ ಅರ್ಜಿ ಹಾಕುತ್ತಿರುವವರು 13 ವಾರದ ಸರಾಸರಿಯಲ್ಲಿ ಶೇ. 5 ಮುಟ್ಟಬೇಕು. ಅದು ಹಿಂದಿನ 2 ವರ್ಷಗಳ ಇದೇ ಹೊತ್ತಿನ ಸರಾಸರಿಗಿಂತ ಶೇ. 20ರಷ್ಟು ಮೇಲಿರಬೇಕು. ಇಲ್ಲೊಂದು ತಮಾಷೆ ನೋಡು. 26 ವಾರ ಮುಗಿಸಿ ಬರಿಗೈಯಾದವನು ಈ ಎಣಿಕೆಯಲ್ಲೇ ಬರುವುದಿಲ್ಲ! ಯಾರಿಗೆ ಬೇಕೋ ಅವನನ್ನೇ ಬಿಟ್ಟು ಎಣಿಸುತ್ತಾರೆ.

2009ರ ಮಾರ್ಚ್‌ನಲ್ಲಿ ನನ್ನ ಕೆಲಸ ಹೋದಾಗ ಕಾಲವೇ ಬೇರೆ. ಆಗ ಅಮೆರಿಕದ ಸಂಸತ್ತು ಕಾಂಗ್ರೆಸ್ 2008ರಲ್ಲಿ ತಂದ ತುರ್ತು ಭತ್ಯೆ ಯೋಜನೆಯೂ ಇತ್ತು. ಎಲ್ಲ ಸೇರಿ 99 ವಾರದವರೆಗೂ ಸಿಗುತ್ತಿತ್ತು. ಆದರೂ 2010ರ ಜೂನ್‌ನಲ್ಲಿ ಆ ಯೋಜನೆಯ ಗಡುವು ಮೀರಿ ನನ್ನ ದುಡ್ಡು ನಿಂತಿತು. ಜುಲೈ ಕೊನೆಯಲ್ಲಿ ಹೊಸ ಕಾನೂನು ಬಂದ ಮೇಲೆ ಬಾಕಿಯೆಲ್ಲ ಬಂತು, ಅಷ್ಟರಲ್ಲಿ ಹೆಂಡತಿಯ ಬಳೆ ಅಡವಿಡುವ ಮಾತೂ ಆಗಿಹೋಗಿತ್ತು. ಕೋವಿಡ್ ಕಾಲದ ಹೆಚ್ಚುವರಿ ವಾರಗಳೂ 2021ರ ಸೆಪ್ಟೆಂಬರ್‌ಗೆ ಮುಗಿದವು. ಇಂಥ ಯೋಜನೆ ದೇಶವೇ ಮುಳುಗುವಾಗ ಬರುತ್ತದೆ, ನಾವೊಬ್ಬರೇ ಮುಳುಗುವಾಗ ಅಲ್ಲ.

ಮುಂದೆಂದಾದರೂ ಬಾಗಿಲು ತೆರೆದರೂ ನಿಯಮ ಬಿಗಿ. ಕೆಲಸ ಹುಡುಕಿದ್ದಕ್ಕೆ ಪ್ರತಿ ವಾರ ದಾಖಲೆ ಬೇಕು. ನಿನ್ನ ಕಸುಬಿನಲ್ಲಿ ಬೇಗ ಕೆಲಸ ಸಿಗುವ ಹಾಗಿಲ್ಲದಿದ್ದರೆ, ವಾರದ ಭತ್ಯೆಗಿಂತ ಜಾಸ್ತಿ ಸಂಬಳವಿರುವ, ನಿನ್ನ ಕೈಲಾಗುವ ಕೆಲಸವನ್ನು ಒಲ್ಲೆ ಅನ್ನುವಂತಿಲ್ಲ. ಸೀನಿಯರ್ ಆರ್ಕಿಟೆಕ್ಟ್ ಅಂತ ಕುಳಿತರೆ ನಡೆಯುವುದಿಲ್ಲ, ಅಲ್ವಾ?

ಈಗ ನಿನ್ನ ಕೈಯಲ್ಲಿರುವ ವಿಷಯ. ನಿನಗಿನ್ನೂ 13 ವಾರವಷ್ಟೇ ಆಗಿದೆ. ಕ್ಯಾಲಿಫೋರ್ನಿಯಾ ಟ್ರೇನಿಂಗ್ ಬೆನಿಫಿಟ್ಸ್ ಅಂತ ಇದೆ. ಒಪ್ಪಿಗೆ ಪಡೆದ ಕೋರ್ಸ್ ಸೇರಿದರೆ 26 ವಾರ ದಾಟಿದ ಮೇಲೂ ಭತ್ಯೆ ಮುಂದುವರಿಯಬಹುದು. ಆದರೆ 16ನೇ ವಾರದ ದುಡ್ಡು ಕೈಸೇರುವ ಮೊದಲೇ ಅರ್ಜಿ ಹಾಕಬೇಕು. ತಡವಾಯಿತೋ, ಮುಗಿಯಿತು. ನನ್ನ ಕಾಲದಲ್ಲಿ ಈ ಮಾತು ಹೇಳುವವರು ಒಬ್ಬರೂ ಇರಲಿಲ್ಲ.

ಇನ್ನೊಂದು. ಇದನ್ನು ಭಿಕ್ಷೆ ಅಂದೆಯಲ್ಲ, ಬೇಜಾರಾಯಿತು. ನೀನು ದುಡಿದ ಪ್ರತಿ ವರ್ಷ ನಿನ್ನ ಕಂಪನಿ ಇದಕ್ಕೆ ತೆರಿಗೆ ಕಟ್ಟಿದೆ. ಅಮ್ಮನಿಗೂ ಹಾಗೇ ಹೇಳು.

ಶನಿವಾರ ಬಾ. ಕೋರ್ಸ್‌ಗಳ ಪಟ್ಟಿ ತೆಗೆದಿಟ್ಟಿರುತ್ತೇನೆ. ನಿನ್ನ ಕ್ಲೇಮ್ ಶುರುವಾದ ದಿನಾಂಕವಿರುವ ಕಾಗದ ಮರೆಯಬೇಡ.

ನಿನ್ನವ