ನಿನ್ನ ಪತ್ರದ ಆ ಒಂದು ಸಾಲು

ಚಿ. ಪುಟ್ಟಿಗೆ,
ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಊರಿನ ಸುದ್ದಿಯೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ನಾನು ಬರೆಯಲು ಕೂತಿದ್ದು ನಿನ್ನ ಪತ್ರದ ಕೊನೆಯ ಸಾಲು ನೋಡಿ. ‘ಲಿ ಶಿಜೆನ್ ಅಂಥವರೇ ಅಷ್ಟು ತಪ್ಪು ಬರೆದಿದ್ದಾರೆ ದೊಡ್ಡಪ್ಪ. ನಾಳೆ ನಾನು ಕೊಟ್ಟ ಔಷಧಿಯಿಂದಲೇ ಯಾರಿಗಾದರೂ ಕೆಡುಕಾದರೆ?’ ಅಂತ ಕೇಳಿದ್ದೀಯ. ಓದಿದ ಮೇಲೆ ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಪ್ರಬಂಧಕ್ಕೆ ಅಂತ ನೀನು ಕಳಿಸಿದ್ದ ಹಾಳೆಗಳನ್ನೆಲ್ಲ ಮತ್ತೆ ತೆಗೆದು ಓದಿದೆ. ಈ ಲಿ ಶಿಜೆನ್ ಚೀನಾದ ಹಳೆಯ ಕಾಲದ ವೈದ್ಯರು, ನೀನು ಎಂಬಿಬಿಎಸ್ ಓದುತ್ತಿರುವ ಹುಬೇ ಪ್ರಾಂತ್ಯದಲ್ಲೇ, ಚಿಜೋ ಎಂಬ ಊರಲ್ಲಿ, 1518ರಲ್ಲಿ ಹುಟ್ಟಿದವರು. ಸರ್ಕಾರಿ ಪರೀಕ್ಷೆಯಲ್ಲಿ ಮೂರು ಸಲ ಫೇಲಾಗಿ ಅಪ್ಪನ ಹತ್ತಿರವೇ ವೈದ್ಯ ಕಲಿತರು. ಒಂದೇ ಪುಸ್ತಕಕ್ಕೆ 27 ವರ್ಷ. ಮೂರು ಸಲ ತಿದ್ದಿ ಬರೆದರು. 1,892 ಔಷಧದ ವಸ್ತುಗಳು, ಹನ್ನೊಂದು ಸಾವಿರ ಚಿಕಿತ್ಸೆಗಳು. 1596ರಲ್ಲಿ ಅದು ನಾನ್‌ಜಿಂಗ್‌ನಲ್ಲಿ ಅಚ್ಚಾಗಿ ಹೊರಬಂದಾಗ ನೋಡಲು ಅವರೇ ಇರಲಿಲ್ಲ.

ನಿನ್ನ ಭಯಕ್ಕೆ ಬರುತ್ತೇನೆ. ಆ ಹಾಳೆಗಳಲ್ಲಿ ಚಿಪ್ಪುಹಂದಿಯ ವಿಷಯ ಇದೆಯಲ್ಲ, ಅದನ್ನು ಇನ್ನೊಮ್ಮೆ ಓದು. ಅದು ಇರುವೆ ತಿನ್ನುತ್ತದೆ ಅಂತ ಹಳಬರು ಬರೆದಿದ್ದರು. ಇವರು ಒಂದರ ಹೊಟ್ಟೆ ಸೀಳಿ ನೋಡಿದರು. ಒಳಗೆ ಹೆಚ್ಚುಕಡಿಮೆ ಒಂದು ಸೇರು ಇರುವೆ! ಹೀಗೆ ಅಳೆದು ನೋಡಿದ ಮನುಷ್ಯ, ಅದೇ ಪುಟದಲ್ಲಿ ಅದರ ಚಿಪ್ಪು ತಿಂದರೆ ಬಾಣಂತಿಗೆ ಹಾಲು ಬರುತ್ತದೆ ಅಂತಲೂ ಬರೆದಿದ್ದಾರೆ. ಚಿಪ್ಪು ಅಂದರೆ ನಮ್ಮ ಉಗುರಿನಂಥದ್ದೇ ಅಲ್ವಾ? ಆ ನಂಬಿಕೆಯ ಬೆನ್ನು ಹತ್ತಿ ಎಷ್ಟು ಚಿಪ್ಪುಹಂದಿಗಳು ಸತ್ತವೋ. ನಮ್ಮ ಘಟ್ಟದ ಕಾಡಿನಲ್ಲೂ ಅದಕ್ಕೆ ಉಳಿಗಾಲವಿಲ್ಲದಂತಾಗಿದೆ. 2020ರಲ್ಲಿ ಚೀನಾದವರೇ ಅಧಿಕೃತ ಔಷಧಕೋಶದ ಪಟ್ಟಿಯಿಂದ ಆ ಚಿಪ್ಪನ್ನು ತೆಗೆದರು.

ಆದರೆ ಪಾದರಸದ ವಿಷಯದಲ್ಲಿ ಅವರು ಹಳಬರ ಮುಲಾಜು ನೋಡಲಿಲ್ಲ. ಅದನ್ನು ತಿಂದರೆ ಸಾವಿಲ್ಲ ಅಂತ ಹಿಂದಿನ ಔಷಧಗ್ರಂಥವೇ ಹೇಳಿತ್ತು. ಹಾಗೆ ತಿಂದು ಅಂಗವಿಕಲರಾದವರು, ಸತ್ತವರು ಲೆಕ್ಕಕ್ಕೇ ಇಲ್ಲ, ರಸವಾದಿಗಳ ಮಾತು ಬಿಡಿ, ಔಷಧದ ಗ್ರಂಥವೂ ಸುಳ್ಳು ಹೇಳಬಹುದೇ ಅಂತ ಸಿಟ್ಟಿನಿಂದ ಬರೆದಿದ್ದಾರೆ. ದತ್ತೂರಿ ಹೂವನ್ನಂತೂ ಮದ್ಯದಲ್ಲಿ ಹಾಕಿ ಸ್ವತಃ ಕುಡಿದು ನೋಡಿದರು. ನೀನು ಹಾಗೆಲ್ಲ ಮಾಡಬೇಡ, ಅದು ವಿಷ.

ನಾಳೆ ಕೆಡುಕಾದರೆ ಅಂತ ಕೇಳಿದೆ. ನನಗೆ ಈಶ್ವರಿ ಬೇರು ನೆನಪಾಯಿತು. ನಮ್ಮ ಅಪ್ಪ ಹಾವು ಕಚ್ಚಿದವರಿಗೂ ಹೊಟ್ಟೆನೋವಿಗೂ ಅದನ್ನೇ ಕೊಡುತ್ತಿದ್ದರು. ಸಾಣೆಕಲ್ಲಿನ ಮೇಲೆ ತೇದರೆ ಕಹಿ ವಾಸನೆ ಜಗುಲಿವರೆಗೂ ಬರುತ್ತಿತ್ತು. ಅಪ್ಪನ ನಂತರ ನಾನೂ ಕೊಟ್ಟೆ. ಹಳೆಯ ಹೊಟ್ಟೆನೋವಿನ ಒಬ್ಬ ಹೆಂಗಸು ವರ್ಷಗಟ್ಟಲೆ ತೆಗೆದುಕೊಂಡರು. ಒಂದು ದಿನ ಅವರ ಕಾಲು ಬಾತಿದ್ದು ನೋಡಿದೆ. ನೀರು ತುಂಬಿಕೊಂಡಿದೆ, ಉಪ್ಪು ಕಡಿಮೆ ಮಾಡಿ ಅಂದೆ. ಆಮೇಲೆ ಅವರು ಬರಲಿಲ್ಲ. ನಾನೂ ಹೋಗಿ ಕೇಳಲಿಲ್ಲ. ಎರಡು ವರ್ಷದಲ್ಲಿ ತೀರಿಕೊಂಡರು ಅಂತ ಯಾರೋ ಹೇಳಿದರು.

ಎಷ್ಟೋ ಕಾಲದ ಮೇಲೆ ಬ್ರಸೆಲ್ಸ್‌ನ ಸಂಗತಿ ಓದಿದೆ. 1990ರ ಸುಮಾರಿಗೆ ಅಲ್ಲಿ ತೂಕ ಇಳಿಸುವ ಗುಳಿಗೆಗೆ ಚೀನಾದ ಒಂದು ಬೇರು ಸೇರಿಸುತ್ತಿದ್ದರು. ಫಾಂಗ್‌ಜಿ ಎಂಬ ಹೆಸರು ಎರಡು ಬೇರೆ ಬೇರೆ ಗಿಡಗಳಿಗಿತ್ತು. ಒಂದರ ಬದಲು ಇನ್ನೊಂದು ಬಂತು. ನೂರಕ್ಕೂ ಹೆಚ್ಚು ಜನರ ಕಿಡ್ನಿ ಹಾಳಾಯಿತು. ಕೆಲವರಿಗೆ ಕ್ಯಾನ್ಸರೂ ಬಂತು. ಹಾಗೆ ತಪ್ಪಿ ಬಂದ ಬೇರು ನಮ್ಮ ಈಶ್ವರಿಯ ಜಾತಿಯದೇ, ಎರಡರಲ್ಲೂ ಇರುವುದು ಅದೇ ವಿಷ. ಹೆಸರುಗಳ ಈ ಕಲಸುಮೇಲೋಗರವನ್ನು ಬಿಡಿಸುವುದಕ್ಕೇ ಲಿ ಶಿಜೆನ್ ಊರೂರು ಸುತ್ತಿ, ಮರ ಕಡಿಯುವವರನ್ನೂ ಮೀನುಗಾರರನ್ನೂ ಕೇಳುತ್ತಾ ಹೋದದ್ದು. ಅವರೂ ಎಲ್ಲವನ್ನೂ ಬಿಡಿಸಲಾಗಲಿಲ್ಲ. ನನಗೆ ಮಾತ್ರ ಎರಡು ಬೀದಿ ಆಚೆಯ ಮನೆಗೆ ಹೋಗಿ ಬರಲು ಆಗಲಿಲ್ಲ.

ಆ ಹೆಂಗಸಿಗೆ ಆದದ್ದು ನನ್ನ ಬೇರಿನಿಂದಲೇನಾ? ಗೊತ್ತಾಗುವ ಹಾಗಿದ್ದಾಗ ನಾನು ತಿಳಿದುಕೊಳ್ಳಲಿಲ್ಲ.

ನಿನಗೆ ಏನು ಹೇಳಲಿ? ಕೆಡುಕಾಗುವುದೇ ಇಲ್ಲ ಅಂತ ಸುಮ್ನೆ ಸಮಾಧಾನ ಹೇಳಲಾರೆ. ಒಂದು ನೋಟ್‌ಬುಕ್ ಇಟ್ಟುಕೋ, ಯಾರಿಗೆ ಏನು ಕೊಟ್ಟೆ ಅಂತ ಬರೆದಿಡು. ತಿಂಗಳು ಬಿಟ್ಟು ಹೇಗಿದ್ದೀರಿ ಅಂತ ಕೇಳು. ನಿಮ್ಮಲ್ಲಿ ಇದನ್ನೆಲ್ಲ ಕಂಪ್ಯೂಟರ್‌ನಲ್ಲೇ ಮಾಡುತ್ತಾರೇನೋ, ಹಾಗಿದ್ದರೆ ನನ್ನ ಮಾತು ಬಿಡು. ಗಿಡಮೂಲಿಕೆ ತಿನ್ನುತ್ತಿದ್ದೀರಾ ಅಂತ ಮಾತ್ರ ಪ್ರತಿಯೊಬ್ಬರನ್ನೂ ಕೇಳು. ಬೈಯಬೇಡ, ಬೈದರೆ ಮುಚ್ಚಿಡುತ್ತಾರೆ. ಪ್ರಬಂಧದಲ್ಲಿ ಇರುವೆಯ ಸೇರನ್ನೂ ಬರೆ, ಚಿಪ್ಪಿನ ತಪ್ಪನ್ನೂ ಬರೆ. ಮಾರ್ಕ್ಸ್ ಕಡಿಮೆ ಬಂದರೂ ಪರವಾಗಿಲ್ಲ.

ಆ ಹೆಂಗಸಿನ ಮಗ ಈಗಲೂ ಅದೇ ಮನೆಯಲ್ಲಿದ್ದಾನೆ. ನಿನ್ನ ಪತ್ರ ಬಂದ ಮೇಲೆ ಎರಡು ಸಲ ಆ ಬೀದಿಯ ತಿರುವಿನವರೆಗೆ ಹೋಗಿ ವಾಪಸ್ ಬಂದೆ. ಈ ಸೋಮವಾರ ಹೋಗಿ ಅವನ ಹತ್ತಿರ ಮಾತಾಡುತ್ತೇನೆ. ಅವನು ಏನು ಹೇಳಿದರೂ ನಿನಗೆ ಬರೆಯುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ